ತುಳಿದರೆ ಉಳಿಯುವ ದಾರಿ

ಫ್ರಾನ್ಸ್ ದೇಶದ ಗ್ರಾಮೀಣ ಕಾನೂನಿನಲ್ಲಿ ಹಳ್ಳಿಯ ದಾರಿಗಳ ಕುರಿತು ಗಮನಿಸತಕ್ಕ ಒಂದು ವಿಧಿಯಿದೆ. ಹೊಲಗಳ ನಡುವೆ, ಕಾಡಿನ ಅಂಚಿನಲ್ಲಿ, ಹಳ್ಳದ ದಂಡೆಯ ಮೇಲೆ ಸಾಗುವ ಅಸಂಖ್ಯಾತ ಮಣ್ಣುಹಾದಿಗಳು ಅಲ್ಲಿ ಆಯಾ ಗ್ರಾಮಾಡಳಿತದ ಸ್ವತ್ತಾಗಿವೆ. ಆದರೆ ಹೆದ್ದಾರಿಗಿರುವ ರಕ್ಷಣೆ ಈ ಹಾದಿಗಳಿಗಿಲ್ಲ. ಜನರು ಬಳಸುವಷ್ಟು ಕಾಲ ದಾರಿಯು ದಾರಿಯಾಗಿರುತ್ತದೆ. ಬಳಕೆ ನಿಂತುಹೋಯಿತೆಂದು ಕಂಡುಬಂದರೆ ಗ್ರಾಮಾಡಳಿತವು ಸಾರ್ವಜನಿಕ ವಿಚಾರಣೆ ನಡೆಸಿ ಅದನ್ನು ಮಾರಬಹುದು. ಪಕ್ಕದ ಜಮೀನಿನವರು ಆ ಹಾದಿಯನ್ನು ತಮ್ಮ ಹೊಲಕ್ಕೆ ಸೇರಿಸಿಕೊಂಡು, ಯಾರ ಆಕ್ಷೇಪವೂ ಇಲ್ಲದೆ ಮೂವತ್ತು ವರ್ಷ ಅನುಭವಿಸಿದರೆ, ಅದು ತಮ್ಮದೇ ಎಂದು ನ್ಯಾಯಾಲಯದಲ್ಲಿ ಸಾಧಿಸಲೂ ಅವಕಾಶವುಂಟು. 2022ರ ಫೆಬ್ರವರಿಯಲ್ಲಿ ಬಂದ ಕಾಯ್ದೆಯೊಂದು ಇದಕ್ಕೆ ಸ್ವಲ್ಪ ಕಡಿವಾಣ ಹಾಕಿತು: ಗ್ರಾಮವು ತನ್ನ ದಾರಿಗಳ ಗಣತಿಗೆ ತೊಡಗಿದರೆ, ಆ ಗಣತಿ ನಡೆಯುವಷ್ಟು ಕಾಲ ಮೂವತ್ತು ವರ್ಷಗಳ ಲೆಕ್ಕ ಮುಂದೆ ಸಾಗುವಂತಿಲ್ಲ. ಅಷ್ಟರಲ್ಲಿ ಯಾವ ದಾರಿ ಎಲ್ಲಿತ್ತು, ಯಾರು ಅದನ್ನು ಬಳಸುತ್ತಿದ್ದಾರೆ ಎಂಬುದನ್ನು ಗ್ರಾಮವು ದಾಖಲಿಸಿಕೊಳ್ಳಬೇಕು.

ಹೀಗೆ ಒಂದು ದಾರಿಯ ಆಯುಷ್ಯವು ಅದರ ಮೇಲೆ ನಡೆಯುವವರ ಹೆಜ್ಜೆಯನ್ನೇ ಅವಲಂಬಿಸಿರುವ ದೇಶದಲ್ಲಿ, ಕಳೆದ ಮೂರು ದಶಕಗಳಿಂದ ಹಳೆಯ ಹಾದಿಗಳಿಗೆ ಹೊಸ ಬಳಕೆದಾರರು ದೊರೆತಿದ್ದಾರೆ. ಅವರೇ ಸೈಕಲ್ ಸವಾರರು. ಮೋಟಾರು ವಾಹನಗಳ ಸುಳಿವಿಲ್ಲದ, ಡಾಂಬರು ಕಾಣದ, ಸಣ್ಣ ಜಲ್ಲಿ ಹಾಸಿ ಗಟ್ಟಿಗೊಳಿಸಿದ ಹಾದಿಗಳನ್ನು ಹುಡುಕಿಕೊಂಡು ಮಕ್ಕಳು, ಮುದುಕರು, ಇಡೀ ಕುಟುಂಬಗಳು ಫ್ರಾನ್ಸಿನ ಹಳ್ಳಿನಾಡಿನಲ್ಲಿ ದಿನಗಟ್ಟಲೆ ಸಂಚರಿಸುತ್ತಾರೆ. ಈ ಹಾದಿಗಳು ಹೊಸದಾಗಿ ಕಡಿದವುಗಳಲ್ಲ. ಬೇರೆ ಕಾಲದಲ್ಲಿ ಬೇರೆ ಕೆಲಸಕ್ಕಾಗಿ ಹುಟ್ಟಿ, ಆ ಕೆಲಸ ತೀರಿದ ಮೇಲೆ ಅನಾಥವಾಗಿ ಬಿದ್ದಿದ್ದವು.

ಮೂರು ಬಗೆಯ ಹಳೆಯ ಹಾದಿ

ಇಂತಹ ಜಲ್ಲಿಹಾದಿಗಳ ಮೂಲಗಳು ಮುಖ್ಯವಾಗಿ ಮೂರು. ಮೊದಲನೆಯದು ಮೇಲೆ ಹೇಳಿದ ಹಳ್ಳಿಯ ಮಣ್ಣುಹಾದಿ. ಎರಡನೆಯದು ಕಾಲುವೆ ಮತ್ತು ನದಿಗಳ ದಡದ ಹಾದಿ. ಯಂತ್ರಗಳು ಬರುವ ಮೊದಲು ಸರಕಿನ ದೋಣಿಗಳನ್ನು ದಡದ ಮೇಲೆ ನಡೆಯುವ ಕುದುರೆಗಳು, ಕೆಲವೆಡೆ ಮನುಷ್ಯರೇ, ಹಗ್ಗ ಕಟ್ಟಿ ಎಳೆಯುತ್ತಿದ್ದರು. ಅದಕ್ಕಾಗಿ ನೀರಿನ ಪಕ್ಕದಲ್ಲಿ ತೆರವಾದ ಹಾದಿ ಇರಲೇಬೇಕಾಗಿತ್ತು. ಹದಿನಾಲ್ಕನೆಯ ಲೂಯಿ ದೊರೆಯ ಕಾಲದಲ್ಲಿ, 1669ರಷ್ಟು ಹಿಂದೆಯೇ, ದೋಣಿ ಸಾಗುವ ನದಿಗಳ ದಡದಲ್ಲಿ ಜಮೀನುಳ್ಳವರು ಎಳೆಯುವ ಕುದುರೆಗಳಿಗಾಗಿ 24 ಅಡಿ ಅಗಲದ ಜಾಗ ಬಿಡಬೇಕೆಂದು ಆಜ್ಞೆಯಾಯಿತು. ಇಂದಿನ ಫ್ರೆಂಚ್ ಕಾನೂನಿನಲ್ಲಿರುವ 7.80 ಮೀಟರ್ ಎಂಬ ಅಳತೆ ಆ ಹಳೆಯ 24 ಅಡಿಗಳ ಮೆಟ್ರಿಕ್ ರೂಪವೇ ಆಗಿದೆ. ಅರಸೊತ್ತಿಗೆ ಹೋಯಿತು, ಕುದುರೆಗಳೂ ಹೋದವು, ಅಳತೆ ಮಾತ್ರ ಉಳಿಯಿತು.

ಮೂರನೆಯ ಮೂಲವು ಹಳಿ ಕಿತ್ತ ರೈಲುದಾರಿ. ಹಿಂದುಳಿದ ಗ್ರಾಮಾಂತರ ಪ್ರದೇಶಗಳಿಗೂ ರೈಲು ತಲುಪಬೇಕೆಂಬ ಸಂಕಲ್ಪದಿಂದ ಸಚಿವ ಫ್ರೆಸಿನೇ ಅವರು ರೂಪಿಸಿದ ಬೃಹತ್ ಯೋಜನೆಗೆ 1879ರಲ್ಲಿ ಕಾನೂನಿನ ಬಲ ದೊರೆಯಿತು. ಮುಂದಿನ ದಶಕಗಳಲ್ಲಿ ಫ್ರಾನ್ಸಿನ ಮೂಲೆಮೂಲೆಗೂ ಸಣ್ಣ ರೈಲುಗಳು ಓಡಿದವು. ಬಸ್ಸು, ಲಾರಿ, ಕಾರುಗಳು ಹೆಚ್ಚಿದಂತೆ ಇಪ್ಪತ್ತನೆಯ ಶತಮಾನದಲ್ಲಿ ಆ ಮಾರ್ಗಗಳು ಒಂದೊಂದಾಗಿ ಮುಚ್ಚಿದವು. ಹಳಿಗಳನ್ನು ಕಿತ್ತು ಗುಜರಿಗೆ ಮಾರಿದ ಮೇಲೆ ಉಳಿದದ್ದು ಜಲ್ಲಿ ಹಾಸಿದ ಒಂದು ಉದ್ದನೆಯ ಪಟ್ಟಿ, ಅದರ ಮೇಲೆ ಕಲ್ಲಿನ ಸೇತುವೆಗಳು, ಖಾಲಿ ನಿಲ್ದಾಣಗಳು.

ಇಂತಹ ಪಟ್ಟಿಯೊಂದು ನಡೆಯುವವರಿಗೂ ಸೈಕಲ್ಲಿಗೂ ಮೀಸಲಾದ ಹಾದಿಯಾಗಬಲ್ಲದೆಂಬುದನ್ನು ಬರ್ಗಂಡಿ ಪ್ರಾಂತ್ಯವು 1997ರಲ್ಲಿ ತೋರಿಸಿಕೊಟ್ಟಿತು. ಅಲ್ಲಿ ಜಿವ್ರಿ ಮತ್ತು ಕ್ಲೂನಿ ಎಂಬ ಊರುಗಳ ನಡುವಿನ 44 ಕಿಲೋಮೀಟರ್ ಹಳೆಯ ರೈಲುದಾರಿಯು ದೇಶದ ಮೊದಲ ‘ವುವಾ ವೆರ್ತ್’ ಎನಿಸಿತು. ಹಸಿರು ಹಾದಿ ಎಂಬುದು ಈ ಹೆಸರಿನ ಅರ್ಥ. ಅದರ ಮುಂದುವರಿಕೆಯಲ್ಲಿ ಬರುವ ಬ್ವಾ ಕ್ಲೇರ್ ಎಂಬ ಸುರಂಗವನ್ನು ಪ್ರತಿ ಚಳಿಗಾಲದಲ್ಲಿ ಮುಚ್ಚಲಾಗುತ್ತದೆ. ಆ ತಿಂಗಳುಗಳಲ್ಲಿ ಅದು ನಿದ್ರಿಸುವ ಬಾವಲಿಗಳಿಗೆ ಮೀಸಲು. ಸವಾರರು ಬೆಟ್ಟ ಹತ್ತಿ ಇಳಿಯಬೇಕು. 2004ರ ಸೆಪ್ಟೆಂಬರಿನಲ್ಲಿ ‘ವುವಾ ವೆರ್ತ್’ ಎಂಬ ಪದಕ್ಕೆ ಫ್ರಾನ್ಸಿನ ಸಂಚಾರ ನಿಯಮಗಳಲ್ಲಿಯೇ ಸ್ಥಾನ ದೊರೆಯಿತು. ಮೋಟಾರಿಲ್ಲದ ವಾಹನಗಳು, ಪಾದಚಾರಿಗಳು, ಕುದುರೆ ಸವಾರರು, ಈ ಮೂವರಿಗೆ ಮಾತ್ರ ಮೀಸಲಾದ ದಾರಿ ಎಂಬುದು ಅದರ ಮೂಲ ವ್ಯಾಖ್ಯೆ.

ನೆಪೋಲಿಯನ್ ಬಯಸಿದ ನೀರಿನ ದಾರಿ

ಕಾಲುವೆಯ ಹಾದಿ ಮತ್ತು ರೈಲಿನ ಹಾದಿ ಎರಡೂ ಒಂದನ್ನೊಂದು ಸಂಧಿಸಿ, ಒಂದರ ಕೊರತೆಯನ್ನು ಮತ್ತೊಂದು ನೀಗಿರುವ ನಾಡನ್ನು ನೋಡಬೇಕೆಂದರೆ ಫ್ರಾನ್ಸಿನ ಪಶ್ಚಿಮ ತುದಿಗೆ ಹೋಗಬೇಕು. ಅಟ್ಲಾಂಟಿಕ್ ಸಾಗರದೊಳಕ್ಕೆ ಮೂಗಿನಂತೆ ಚಾಚಿಕೊಂಡಿರುವ ಆ ಪ್ರದೇಶದ ಹೆಸರು ಬ್ರಿಟಾನಿ. ಇಂಗ್ಲೆಂಡ್ ಇರುವ ಬ್ರಿಟನ್ ದ್ವೀಪ ಬೇರೆ, ಇದು ಬೇರೆ. ಆದರೂ ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ಆ ದ್ವೀಪದಿಂದ ಸಮುದ್ರ ದಾಟಿ ಬಂದು ನೆಲೆಸಿದವರಿಂದಲೇ ಈ ಹೆಸರು ಬಂದಿದೆ.

ಬ್ರಿಟಾನಿಯ ಪಶ್ಚಿಮದಲ್ಲಿರುವ ಬ್ರೆಸ್ತ್ ಫ್ರೆಂಚ್ ನೌಕಾಪಡೆಯ ದೊಡ್ಡ ನೆಲೆ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಇಂಗ್ಲಿಷ್ ಹಡಗುಗಳು ಕಡಲದಾರಿಗೆ ಅಡ್ಡ ನಿಂತು, ಈ ನೆಲೆಗೆ ಮರಮುಟ್ಟು, ಧಾನ್ಯ, ಮದ್ದುಗುಂಡು ತಲುಪುವುದೇ ದುಸ್ತರವಾಗಿತ್ತು. ಕಡಲನ್ನು ಬಿಟ್ಟು ಒಳನಾಡಿನ ಮೂಲಕವೇ ದೋಣಿಗಳು ಸಾಗುವಂತಾಗಬೇಕೆಂದು ಆಗ ನಿಶ್ಚಯವಾಯಿತು. 1811ರಲ್ಲಿ ಆರಂಭವಾದ ಕೆಲಸವು ನೆಪೋಲಿಯನ್ ಪದಚ್ಯುತನಾಗಿ, ತೀರಿಕೊಂಡು, ಎರಡು ದಶಕಗಳು ಸಂದ ಬಳಿಕ 1842ರಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಯುದ್ಧಕ್ಕಾಗಿ ಬಯಸಿದ ನೀರಿನ ದಾರಿಯಲ್ಲಿ ಕೊನೆಗೆ ಸಾಗಿದ್ದು ಮನೆಯ ಮಾಡಿಗೆ ಹೊದಿಸುವ ಸ್ಲೇಟು ಕಲ್ಲು, ದವಸ, ಸೌದೆ, ಹೊಲಗಳಿಗೆ ಹಾಕುವ ಗೊಬ್ಬರ.

ನಾಂತ್ ನಗರದಿಂದ ಬ್ರೆಸ್ತ್‌ನವರೆಗಿನ ಈ ಜಲಮಾರ್ಗದ ಉದ್ದ 364 ಕಿಲೋಮೀಟರ್. ಬಹುಪಾಲು ಇದು ಅಗೆದ ಕಾಲುವೆಯಲ್ಲ. ಊಸ್ತ್, ಬ್ಲಾವೆ, ಓನ್ ಮೊದಲಾದ ನದಿಗಳನ್ನೇ ಪಳಗಿಸಿ, ನಡುನಡುವೆ ಅಗೆದ ತುಂಡುಗಳಿಂದ ಬೆಸೆಯಲಾಗಿದೆ. ಏರುತಗ್ಗುಗಳನ್ನು ದಾಟಲು 230ಕ್ಕೂ ಹೆಚ್ಚು ಜಲದ್ವಾರಗಳಿವೆ. ಎರಡು ಬಾಗಿಲುಗಳ ನಡುವಿನ ಕಲ್ಲಿನ ತೊಟ್ಟಿಯೊಳಗೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ. ಖಾಲಿ ಮಾಡಿದರೆ ಕೆಳಗಿಳಿಯುತ್ತದೆ. ಪ್ರತಿ ಜಲದ್ವಾರದ ಪಕ್ಕದಲ್ಲಿ ಕಾವಲಿನವರಿಗೆಂದು ಕಟ್ಟಿದ ಒಂದು ಪುಟ್ಟ ಮನೆಯಿರುತ್ತಿತ್ತು.

ಇಡೀ ಮಾರ್ಗದ ಅತ್ಯಂತ ಎತ್ತರದ ತಾಣ ಗ್ಲೋಮೆಲ್ ಎಂಬ ಹಳ್ಳಿಯ ಬಳಿ, ಸಮುದ್ರಮಟ್ಟದಿಂದ ಸುಮಾರು 184 ಮೀಟರ್ ಮೇಲಿದೆ. ಎರಡು ನದೀಕಣಿವೆಗಳನ್ನು ಕೂಡಿಸಲು ಇಲ್ಲಿ ಬೆಟ್ಟವನ್ನೇ ಸೀಳಬೇಕಾಯಿತು. 1823ರಿಂದ 1832ರವರೆಗೆ ಬ್ರೆಸ್ತ್‌ನ ಸೆರೆಮನೆಯಿಂದ ತಂದ ಕೈದಿಗಳು ಗುದ್ದಲಿ, ಸಲಿಕೆ, ಕೈಗಾಡಿಗಳಿಂದ ಈ ಕಂದಕವನ್ನು ಅಗೆದರು. ಅದರ ಉದ್ದ ಮೂರು ಕಿಲೋಮೀಟರಿಗೂ ಅಧಿಕ. ಅತಿ ಆಳದ ಕಡೆ ಇಪ್ಪತ್ತು ಮೀಟರಿಗೂ ಹೆಚ್ಚು. ಇಂದು ಆ ಕಂದಕದ ಇಕ್ಕೆಲಗಳಲ್ಲಿ ಮರಗಳು ಬೆಳೆದು ನೆರಳು ಕವಿದಿದೆ. ಕೆಳಗೆ ನಿಶ್ಚಲವಾದ ನೀರು, ಪಕ್ಕದಲ್ಲಿ ಜಲ್ಲಿಯ ಹಾದಿ. ಸೈಕಲ್ಲಿನ ಮಕ್ಕಳು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ದಾಟಿಬಿಡುವ ಈ ದೂರವನ್ನು ಅಗೆಯಲು ಸಂಕೋಲೆಯ ಮನುಷ್ಯರಿಗೆ ಒಂಬತ್ತು ವರ್ಷ ಹಿಡಿಯಿತು.

ಸೈಕಲ್ ಸವಾರನಿಗೆ ಕಾಲುವೆಯ ದಾರಿ ಏಕೆ ಹಿತವೆಂಬುದಕ್ಕೆ ಉತ್ತರ ಸರಳ. ಕಾಲುವೆಯ ನೀರು ಸಮತಟ್ಟಾಗಿ ನಿಲ್ಲಬೇಕು. ಆದ್ದರಿಂದ ದಡದ ಹಾದಿಯೂ ಸಮತಟ್ಟು. ಏರು ಬರುವುದು ಜಲದ್ವಾರದ ಬಳಿ ಮಾತ್ರ, ಅದೂ ಕೆಲವೇ ಅಡಿ. ಆರು ವರ್ಷದ ಮಗುವೂ ಎಪ್ಪತ್ತು ದಾಟಿದ ಅಜ್ಜಿಯೂ ಒಟ್ಟಿಗೆ ಸಾಗಬಹುದಾದ ದಾರಿಯಿದು. ಮಾಲೆತ್ರ್ವಾದಂತಹ ಹಳೆಯ ಪೇಟೆಗಳ ಹೊಸ್ತಿಲಲ್ಲೇ ಹಾದಿ ಹಾಯುತ್ತದೆ. ಜೋಸ್ಲ್ಯಾಂ ಎಂಬಲ್ಲಿ ನದಿಯಿಂದಲೇ ಎದ್ದಂತೆ ಕಾಣುವ ಕೋಟೆಯ ಮೂರು ಗೋಪುರಗಳ ಬುಡದಲ್ಲಿ ಸಾಗುತ್ತದೆ. ಮುಂದೆ ಸಿಗುವ ಪೊಂತಿವಿ ಪಟ್ಟಣದಲ್ಲಿ ಹಳೆಯ ಅಂಕುಡೊಂಕು ಓಣಿಗಳ ಪಕ್ಕಕ್ಕೇ ಅಳೆದು ಗೆರೆ ಎಳೆದಂತಹ ನೇರ ಬೀದಿಗಳಿವೆ. ನೆಪೋಲಿಯನ್ ಹಾಕಿಸಿದ ಹೊಸ ಬಡಾವಣೆಯದು, ಕೆಲವು ಕಾಲ ಊರಿಗೆ ಅವನದೇ ಹೆಸರಿತ್ತು.

ಅಡೆತಡೆಗಳೂ ಇಲ್ಲದಿಲ್ಲ. ನಾಂತ್ ನಗರದ ಬಳಿ ಎರ್ದ್ರ್ ನದಿಯೇ ಕಾಲುವೆಯಾಗಿರುವ ಭಾಗದಲ್ಲಿ ದೋಣಿ ಎಳೆಯುವ ಹಾದಿಯಿಲ್ಲ. ಸವಾರರು ಸಣ್ಣ ರಸ್ತೆಗಳನ್ನು ಹಿಡಿಯಬೇಕು. ದೊಡ್ಡ ತಡೆ ಇರುವುದು ಮಾರ್ಗದ ನಡುಮಧ್ಯದಲ್ಲಿ.

ಮುಳುಗಿದ ದಾರಿ, ಕೈಹಿಡಿದ ದಾರಿ

ಬ್ಲಾವೆ ನದಿಗೆ ಗೆರ್ಲೆದಾನ್ ಎಂಬಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಅಣೆಕಟ್ಟು 1930ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಏರಿದಾಗ ಹದಿನೇಳು ಜಲದ್ವಾರಗಳು, ಕಾವಲಿನವರ ಮನೆಗಳು, ದಡದ ಹಾದಿ ಎಲ್ಲವೂ ಅದರೊಳಗೆ ಮುಳುಗಿದವು. ನಾಂತ್‌ನಿಂದ ಹೊರಟ ದೋಣಿ ಬ್ರೆಸ್ತ್ ತಲುಪುವುದು ಅಂದಿಗೆ ಮುಗಿಯಿತು. ಕಾಲುವೆ ಎರಡು ತುಂಡಾಯಿತು. ಅಣೆಕಟ್ಟನ್ನು ಪರಿಶೀಲಿಸಲು 2015ರಲ್ಲಿ ಜಲಾಶಯವನ್ನು ಬರಿದು ಮಾಡಿದಾಗ ಆ ಜಲದ್ವಾರಗಳ ಕಲ್ಲುಕಟ್ಟಡ, ಮಾಡು ಕಳೆದುಕೊಂಡ ಮನೆಗಳ ಗೋಡೆಗಳು ಕೆಸರಿನಿಂದ ಎದ್ದು ಕಂಡವು. ಅವನ್ನು ನೋಡಲು ದೂರದೂರದಿಂದ ಜನ ಬಂದಿದ್ದರು. ಬಳಿಕ ಮತ್ತೆ ನೀರು ತುಂಬಿತು.

ಹೀಗೆ ಮುರಿದುಹೋದ ಹಾದಿಗೆ ನೆರವಾದದ್ದು ಪಕ್ಕದಲ್ಲೇ ಸತ್ತುಬಿದ್ದಿದ್ದ ಮತ್ತೊಂದು ಹಾದಿ. ಬ್ರಿಟಾನಿಯ ಒಳನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀಟರ್ ಗೇಜ್ ರೈಲುಜಾಲವೊಂದು ಹರಡಿಕೊಂಡಿತ್ತು. ಕಾರೇ ಎಂಬ ಸಣ್ಣ ಪಟ್ಟಣ ಅದರ ಕೇಂದ್ರ. ಅಲ್ಲಿಂದ ಐದು ದಿಕ್ಕುಗಳಿಗೆ ಹಳಿಗಳು ಹೊರಡುತ್ತಿದ್ದವು. 1891ರಲ್ಲಿ ಕಾರೇಯಿಂದ ಉತ್ತರದ ಮೊರ್ಲೇ ಪಟ್ಟಣದವರೆಗಿನ ಮೊದಲ ಮಾರ್ಗ ತೆರೆಯಿತು. ಮುಂದೆ ಜಾಲದ ಒಟ್ಟು ಉದ್ದ 400 ಕಿಲೋಮೀಟರ್ ಮೀರಿತು. ರೈತರ ದನಕರು, ಬಟಾಟೆ, ಬೆಣ್ಣೆ ಇದರಲ್ಲಿ ಹೋದವು. ಕೆಲಸ ಹುಡುಕಿಕೊಂಡು ಪ್ಯಾರಿಸ್ಸಿಗೆ ಗುಳೆ ಹೊರಟ ಹಳ್ಳಿಯ ಹುಡುಗ ಹುಡುಗಿಯರೂ ಹೋದರು. 1967ರ ಏಪ್ರಿಲ್ 10ರಂದು ಮೀಟರ್ ಗೇಜ್ ಗಾಡಿಗಳ ಓಡಾಟ ನಿಂತಿತು. ಮೊದಲೇ ಅಗಲ ಹಳಿಗೆ ಬದಲಾಗಿದ್ದ ಗ್ಯಾಂಗಾಂ–ಕಾರೇ ಮಾರ್ಗವು ಇಂದಿಗೂ ಜೀವಂತವಾಗಿದ್ದು, ದೂರದಿಂದ ಬರುವ ಅನೇಕ ಸವಾರರು ಅದೇ ರೈಲಿನಲ್ಲಿ ಸೈಕಲ್ ಸಮೇತ ಕಾರೇಗೆ ಬಂದಿಳಿಯುತ್ತಾರೆ.

ಉಳಿದ ಮಾರ್ಗಗಳ ನೆಲವನ್ನು ಏನು ಮಾಡಬೇಕೆಂಬುದು ಆಗ ಎದುರಾದ ಪ್ರಶ್ನೆ. ಅಗಲ ಕೆಲವೇ ಮೀಟರ್, ಉದ್ದ ಹತ್ತಾರು ಕಿಲೋಮೀಟರ್ ಇರುವ ಪಟ್ಟಿಯನ್ನು ತುಂಡು ತುಂಡಾಗಿ ಪಕ್ಕದ ಜಮೀನಿನವರಿಗೆ ಮಾರುವುದು ಸುಲಭ. ಮಾರಿದ ತುಂಡಿನಲ್ಲಿ ಕೊಟ್ಟಿಗೆ ಏಳುತ್ತದೆ, ಬೇಲಿ ಬರುತ್ತದೆ. ಆಮೇಲೆ ಅದನ್ನು ಕೂಡಿಸುವುದು ಹೆಚ್ಚುಕಡಿಮೆ ಅಸಾಧ್ಯ. ಹಾಗೆ ಮಾರಾಟವಾದ ಕಡೆಗಳಲ್ಲಿ ಇಂದಿಗೂ ಹಸಿರು ಹಾದಿ ಒಮ್ಮೆಲೇ ತುಂಡರಿಸಿ, ಸವಾರರು ಕಾರುಗಳ ನಡುವೆ ಸುತ್ತುಬಳಸಿ ಸಾಗಬೇಕಾಗುತ್ತದೆ. ಬ್ರಿಟಾನಿಯ ಜಿಲ್ಲಾಡಳಿತಗಳು ಬಹಳಷ್ಟು ಕಡೆ ಆ ಪಟ್ಟಿಯನ್ನು ಇಡಿಯಾಗಿ ತಮ್ಮ ಕೈಗೆ ತೆಗೆದುಕೊಂಡವು. ಫಲವಾಗಿ ಮೊರ್ಲೇಯಿಂದ ಕಾರೇ, ಕಾರೇಯಿಂದ ದಕ್ಷಿಣದ ರೋಸ್ಪೋರ್ದೆನ್‌ವರೆಗೆ ರೈಲು ಹೋದ ಜಾಡಿನಲ್ಲೇ ಸೈಕಲ್ ಹೋಗುತ್ತದೆ. ಗೆರ್ಲೆದಾನ್ ಜಲಾಶಯದ ಬಳಿ ಕಾಲುವೆಯ ಹಾದಿ ನೀರಿನಲ್ಲಿ ಮರೆಯಾದೊಡನೆ, ದಿಣ್ಣೆಯ ಮೇಲೆ ಹಾದುಹೋಗುವ ಹಳೆಯ ರೈಲುದಾರಿ ಸವಾರನನ್ನು ಎತ್ತಿಕೊಂಡು ಗ್ವಾರೆಕ್ ಎಂಬ ಹಳ್ಳಿಯಲ್ಲಿ ಮರಳಿ ಕಾಲುವೆಯ ದಡಕ್ಕೆ ಇಳಿಸುತ್ತದೆ. ಉತ್ತರದ ರೋಸ್ಕಾಫ್ ಬಂದರಿನಿಂದ ಸ್ಪೇನ್ ಗಡಿಯವರೆಗೆ 1,200 ಕಿಲೋಮೀಟರಿಗೂ ಉದ್ದವಾಗಿ ಸಾಗುವ ‘ವೆಲೋದಿಸ್ಸೇ’ ಎಂಬ ಸೈಕಲ್ ಮಾರ್ಗವು ಬ್ರಿಟಾನಿಯಲ್ಲಿ ಬಹುಮಟ್ಟಿಗೆ ಈ ಎರಡು ಹಾದಿಗಳನ್ನೇ ನೆಚ್ಚಿಕೊಂಡಿದೆ.

ರೈಲು ಎಂಜಿನ್ನಿಗೂ ಕಡಿದಾದ ಏರು ಆಗದು. ಬೆಟ್ಟ ಬಂದರೆ ಬಳಸಿಕೊಂಡು, ಕಣಿವೆ ಬಂದರೆ ಸೇತುವೆ ಕಟ್ಟಿ, ನೂರು ಮೀಟರಿಗೆ ಎರಡು ಮೂರು ಮೀಟರ್ ಮೀರದಂತೆ ಏರಿಸುತ್ತ ಹಳಿ ಹಾಕಿದರು. ಎಂಜಿನ್ನಿನ ಆ ಅಶಕ್ತಿಯೇ ಈಗ ಮಕ್ಕಳ ಮೊಣಕಾಲಿಗೆ ಉಪಕಾರವಾಗಿದೆ. ಇನ್ನೊಂದು ಲಾಭವೂ ಇದೆ. ಯುದ್ಧಾನಂತರ ಟ್ರ್ಯಾಕ್ಟರುಗಳಿಗೆ ಅನುಕೂಲವಾಗಲೆಂದು ಸಣ್ಣ ಹೊಲಗಳನ್ನು ಕೂಡಿಸಿದಾಗ ಬ್ರಿಟಾನಿಯ ಮರಬೇಲಿಗಳನ್ನು ಅಪಾರ ಪ್ರಮಾಣದಲ್ಲಿ ಕಿತ್ತುಹಾಕಲಾಯಿತು. ರೈಲುದಾರಿಯ ಅಂಚಿನ ಗಿಡಮರಗಳು ಅನೇಕ ಕಡೆ ಆ ಕೊಡಲಿಯಿಂದ ತಪ್ಪಿಸಿಕೊಂಡವು. ಹಕ್ಕಿ, ಮುಳ್ಳುಹಂದಿಯಂತಹ ಸಣ್ಣ ಜೀವಿಗಳಿಗೂ ಈ ಹಾದಿಯೇ ಈಗ ಹಸಿರು ಓಣಿ.

ಡಾಂಬರು ಬೇಕೆ, ಜಲ್ಲಿ ಸಾಕೆ?

ಜಲ್ಲಿಹಾದಿಯೆಂದರೆ ಲಾರಿಯಿಂದ ಸುರಿದ ಕಲ್ಲುರಾಶಿಯಲ್ಲ. ಮೊದಲು ನೆಲವನ್ನು ಸಮಮಾಡಿ, ದಪ್ಪ ಕಲ್ಲಿನ ಒಂದು ಹಾಸು ಹಾಕುತ್ತಾರೆ. ಅದರ ಮೇಲೆ ಸಣ್ಣ ಜಲ್ಲಿಯನ್ನೂ ಕಲ್ಲುಪುಡಿಯನ್ನೂ ಬೆರೆಸಿ ಹರಡಿ, ನೀರು ಚಿಮುಕಿಸಿ, ರೋಲರಿನಿಂದ ಒತ್ತುತ್ತಾರೆ. ಪುಡಿಯು ಜಲ್ಲಿಯ ಸಂದುಗಳನ್ನು ತುಂಬಿ ಎಲ್ಲವನ್ನೂ ಬಿಗಿದು ಹಿಡಿಯುತ್ತದೆ. ನಡುಭಾಗ ಸ್ವಲ್ಪ ಉಬ್ಬಿ, ಅಂಚುಗಳು ಸ್ವಲ್ಪ ತಗ್ಗಿರಬೇಕು. ಇಲ್ಲವಾದರೆ ಮಳೆನೀರು ನಿಂತು ಒಂದೇ ಚಳಿಗಾಲದಲ್ಲಿ ಗುಂಡಿ ಬೀಳುತ್ತದೆ. ಬ್ರಿಟಾನಿಯಲ್ಲಿ ಮಳೆ ಅಪರೂಪದ ಅತಿಥಿಯಲ್ಲವಾದ್ದರಿಂದ ಈ ಎಚ್ಚರ ಅಲ್ಲಿ ಮುಖ್ಯ.

ಇಂತಹ ಹಾದಿಗೆ ಓಟದ ಸೈಕಲ್ಲಿನ ತೆಳುವಾದ ಚಕ್ರ ಹೊಂದದು. 35ರಿಂದ 45 ಮಿಲಿಮೀಟರ್ ಅಗಲದ ಟಯರು, ಸ್ವಲ್ಪ ಕಡಿಮೆ ಗಾಳಿ, ಇಷ್ಟಿದ್ದರೆ ಸಾಮಾನ್ಯ ಸೈಕಲ್ಲೂ ಸಾಕು. ಅಮೆರಿಕದ ಬಯಲುಸೀಮೆಯ ಕಚ್ಚಾ ರಸ್ತೆಗಳಲ್ಲಿ ಬೆಳೆದ ‘ಗ್ರಾವೆಲ್’ ಸೈಕಲ್ ಓಟವು ಈಗ ಒಂದು ಕ್ರೀಡೆಯಾಗಿದೆ. 2022ರಿಂದ ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯುತ್ತಿದೆ. ಕಾಲುವೆ ದಡದ ಕುಟುಂಬಗಳಿಗೆ ಆ ಪೈಪೋಟಿಯ ಹಂಗಿಲ್ಲ. ಅವರ ವೇಗ ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್.

ಡಾಂಬರು ಹಾಕಬೇಕೋ ಜಲ್ಲಿಯೇ ಸಾಕೋ ಎಂಬ ವಾದ ಫ್ರಾನ್ಸಿನ ಅನೇಕ ಊರುಗಳಲ್ಲಿ ನಡೆಯುತ್ತಲೇ ಇದೆ. ಎರಡು ಕಡೆಯೂ ನ್ಯಾಯವಿದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ, ಮಗುವಿನ ತಳ್ಳುಗಾಡಿ ತರುವ ತಾಯಂದಿರಿಗೆ, ಮಳೆಯಲ್ಲೂ ಸೈಕಲ್ಲಿನಲ್ಲೇ ಶಾಲೆಗೂ ಕೆಲಸಕ್ಕೂ ಹೋಗುವವರಿಗೆ ಡಾಂಬರು ಅನುಕೂಲ. ಅದು ಬಾಳಿಕೆಯೂ ಬರುತ್ತದೆ. ಜಲ್ಲಿಗೆ ಆರಂಭದ ಖರ್ಚು ಕಡಿಮೆ. ಅದು ಮಳೆನೀರನ್ನು ಒಂದಿಷ್ಟು ಹೀರುತ್ತದೆ, ಬೇಸಿಗೆಯಲ್ಲಿ ಡಾಂಬರಿನಷ್ಟು ಕಾಯುವುದಿಲ್ಲ, ಸವಾರರು ಅತಿವೇಗದಿಂದ ನುಗ್ಗದಂತೆ ತಾನೇ ತಡೆಯುತ್ತದೆ. ಆದರೆ ವರ್ಷವರ್ಷವೂ ಆರೈಕೆ ಬೇಡುತ್ತದೆ. ಪಟ್ಟಣದ ಸಮೀಪ ಡಾಂಬರು, ಹಳ್ಳಿಗಾಡಿನಲ್ಲಿ ಜಲ್ಲಿ ಎಂಬ ರಾಜಿ ಅನೇಕ ಕಡೆ ಕಾಣುತ್ತದೆ.

ವಾಹನರಹಿತ ಎಂಬ ಮಾತನ್ನೂ ಪೂರ್ತಿಯಾಗಿ ನಂಬಿ ಕಣ್ಣು ಮುಚ್ಚಿ ಸಾಗುವಂತಿಲ್ಲ. ಹಾದಿಯು ಆಗಾಗ ಡಾಂಬರು ರಸ್ತೆಗಳನ್ನು ಅಡ್ಡಹಾಯುತ್ತದೆ. ಅಲ್ಲಿ ಮರದ ತಡೆಗಳಿದ್ದರೂ ಇಳಿದು ಎರಡೂ ಕಡೆ ನೋಡಲೇಬೇಕು. ದುರಸ್ತಿಯ ಗಾಡಿಗಳಿಗೂ, ಕೆಲವೆಡೆ ಹೊಲಕ್ಕೆ ಬೇರೆ ದಾರಿಯಿಲ್ಲದ ರೈತರ ಟ್ರ್ಯಾಕ್ಟರುಗಳಿಗೂ ಅನುಮತಿಯಿರುತ್ತದೆ. ಕಾಲುವೆಯ ಅಂಚಿಗೆ ಬಹುತೇಕ ಕಡೆ ಕಟಕಟೆಯಿಲ್ಲ. ಚಿಕ್ಕ ಮಕ್ಕಳನ್ನು ನೀರಿನಿಂದ ದೂರದ ಬದಿಯಲ್ಲಿ ನಡೆಸಿಕೊಂಡು ಹೋಗಬೇಕಾಗುತ್ತದೆ.

ಹತ್ತು ಗಂಟೆಗಳ ಪಾಠ

ಮಕ್ಕಳ ಸೈಕಲ್ ಸವಾರಿಯನ್ನು ಫ್ರಾನ್ಸ್ ಮನೆಯವರ ಮರ್ಜಿಗೆ ಮಾತ್ರ ಬಿಟ್ಟಿಲ್ಲ. 2017ರ ಮಾರ್ಚ್ 22ರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಸೈಕಲ್ ಮೇಲೆ ಹೆಲ್ಮೆಟ್ ಕಡ್ಡಾಯ. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗಾಗಿ ಹತ್ತು ಗಂಟೆಗಳ ಸೈಕಲ್ ಶಿಕ್ಷಣವನ್ನೂ ಸರ್ಕಾರ ರೂಪಿಸಿದೆ. ಅದಕ್ಕೆ ಮೂರು ಮೆಟ್ಟಿಲು: ಮೊದಲು ತುಳಿಯಲು, ತಿರುಗಿಸಲು, ನಿಲ್ಲಿಸಲು ಕಲಿಯುವುದು, ಬಳಿಕ ವಾಹನಗಳಿಲ್ಲದ ಸುರಕ್ಷಿತ ಜಾಗದಲ್ಲಿ ಚಿಹ್ನೆಗಳನ್ನು ಓದುತ್ತ, ಇತರರ ನಡುವೆ ಸಾಗುವುದು, ಕೊನೆಗೆ ನಿಜವಾದ ರಸ್ತೆಗೆ ಇಳಿಯುವುದು. ಎರಡನೆಯ ಮೆಟ್ಟಿಲಿನಿಂದ ಮೂರನೆಯದಕ್ಕೆ ಹೋಗುವ ಮುನ್ನ ಮಗುವಿಗೆ ಬೇಕಾಗುವುದು ಅಭ್ಯಾಸ. ಮೈಲುಗಟ್ಟಲೆ ಲಾರಿಯ ಭಯವಿಲ್ಲದ ಹಾದಿಯೊಂದು ಊರಪಕ್ಕದಲ್ಲಿದ್ದರೆ ಆ ಅಭ್ಯಾಸಕ್ಕೆ ಬೇರೆ ಏರ್ಪಾಟು ಬೇಡ.

ಇದೇ ಕಾರೇ ಪಟ್ಟಣದ ಮೂಲಕ ನಾಲ್ಕು ವರ್ಷಗಳಿಗೊಮ್ಮೆ ಮತ್ತೊಂದು ಬಗೆಯ ಸವಾರರು ಹಾದುಹೋಗುತ್ತಾರೆ. 1891ರಲ್ಲಿ ಮೊದಲು ನಡೆದು, ಶಾರ್ಲ್ ತೆರೋಂ ಎಂಬವರು 71 ಗಂಟೆಗೂ ಹೆಚ್ಚು ಕಾಲ ಸೈಕಲ್ ತುಳಿದು ಗೆದ್ದ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸವಾರಿಯದು. ಇಂದು ಅದರಲ್ಲಿ ಗೆಲುವು ಸೋಲುಗಳಿಲ್ಲ; ಸುಮಾರು 1,200 ಕಿಲೋಮೀಟರುಗಳನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಬೇಕು. ಬೆಂಗಳೂರಿನವರೂ ಸೇರಿದಂತೆ ಭಾರತದ ಸವಾರರು ಇತ್ತೀಚಿನ ಆವೃತ್ತಿಗಳಲ್ಲಿ ಗಣನೀಯ ಸಂಖ್ಯೆಯಲ್ಲಿ ಪಾಲ್ಗೊಂಡಿದ್ದಾರೆ. ನಿದ್ದೆಗೆಟ್ಟು ಡಾಂಬರು ರಸ್ತೆಯಲ್ಲಿ ಸಾಗುವ ಆ ಸಾಹಸಿಗಳ ಮಾರ್ಗಕ್ಕೂ, ಬುತ್ತಿ ಕಟ್ಟಿಕೊಂಡು ಜಲ್ಲಿಹಾದಿಯಲ್ಲಿ ನಿಧಾನವಾಗಿ ಹೋಗುವ ಕುಟುಂಬಗಳ ಮಾರ್ಗಕ್ಕೂ ಕಾರೇ ಒಂದು ಕೂಡುಬಿಂದು.

ಎರಡು ಭಾಷೆಯ ಫಲಕಗಳು

ಪಶ್ಚಿಮ ಬ್ರಿಟಾನಿಯ ಹಾದಿಗಳಲ್ಲಿ ಸಾಗುವವರ ಗಮನಕ್ಕೆ ಬರುವ ಮತ್ತೊಂದು ಸಂಗತಿ ಊರಿನ ಫಲಕಗಳದು. ಫ್ರೆಂಚ್ ಹೆಸರಿನ ಕೆಳಗೆ ಬ್ರೆಟನ್ ಭಾಷೆಯ ಹೆಸರೂ ಇರುತ್ತದೆ. ಫ್ರೆಂಚಿನೊಡನೆ ಹತ್ತಿರದ ನಂಟಿಲ್ಲದ, ಬ್ರಿಟನ್ ದ್ವೀಪದ ವೆಲ್ಷ್ ಭಾಷೆಗೆ ಸೋದರಿಯಾದ ನುಡಿಯದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಸುಮಾರು ಹತ್ತು ಲಕ್ಷ ಜನರ ನಾಲಿಗೆಯ ಮೇಲಿದ್ದ ಬ್ರೆಟನ್, ಇತ್ತೀಚಿನ ಸಮೀಕ್ಷೆಗಳ ಹೊತ್ತಿಗೆ ಒಂದೆರಡು ಲಕ್ಷಕ್ಕೆ ಇಳಿದಿದೆ. ಶಾಲೆಯಲ್ಲಿ ಬ್ರೆಟನ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಪಾದರಕ್ಷೆಯನ್ನೋ ಬೇರಾವುದೋ ವಸ್ತುವನ್ನೋ ಅವಮಾನದ ಗುರುತಾಗಿ ತೂಗುಹಾಕುವ ಪದ್ಧತಿ ಒಂದು ಕಾಲದಲ್ಲಿತ್ತು. ಹಾಗೆ ಬೆಳೆದವರು ತಮ್ಮ ಮಕ್ಕಳೊಡನೆ ಆ ಭಾಷೆಯನ್ನಾಡಲು ಹಿಂಜರಿದರು.

1977ರಲ್ಲಿ ಕೆಲವು ತಂದೆತಾಯಿಯರು ಸೇರಿ ಬೆರಳೆಣಿಕೆಯ ಮಕ್ಕಳೊಂದಿಗೆ ಬ್ರೆಟನ್ ಮಾಧ್ಯಮದ ಶಾಲೆಯೊಂದನ್ನು ತೆರೆದರು. ‘ದಿವಾನ್’, ಅಂದರೆ ಮೊಳಕೆ, ಎಂದು ಅದಕ್ಕೆ ಹೆಸರಿಟ್ಟರು. ಆ ಮೊಳಕೆಯ ಪ್ರೌಢ ವಿದ್ಯಾಲಯ 1999ರಿಂದ ನೆಲೆಗೊಂಡಿರುವುದು ಇದೇ ಕಾರೇಯಲ್ಲಿ. 2021ರ ಮೇ ತಿಂಗಳಲ್ಲಿ ಫ್ರಾನ್ಸಿನ ಸಂವಿಧಾನ ಮಂಡಳಿಯು, ಪ್ರಾದೇಶಿಕ ಭಾಷೆಯೊಂದರಲ್ಲೇ ಶಾಲೆಯ ಎಲ್ಲ ವ್ಯವಹಾರ ನಡೆಯುವ ಬೋಧನಾಕ್ರಮವು ಸಂವಿಧಾನಕ್ಕೆ ಹೊಂದದೆಂದು ತೀರ್ಪಿತ್ತಿತು. ಆ ತಿಂಗಳ ಕೊನೆಯಲ್ಲಿ ಅದನ್ನು ಪ್ರತಿಭಟಿಸಿ ಪಾಲಕರು, ಮಕ್ಕಳು, ಶಿಕ್ಷಕರು ಬೀದಿಗಿಳಿದರು. ಶಾಲೆಗಳು ಮುಚ್ಚಲಿಲ್ಲ. ಸಣ್ಣ ಪಟ್ಟಣವೊಂದು ರೈಲು ನಿಂತುಹೋದ ತನ್ನ ಹಳಿದಾರಿಗಳನ್ನು ಸೈಕಲ್ಲಿಗಾಗಿ ಉಳಿಸಿಕೊಂಡದ್ದು, ಮನೆಗಳಲ್ಲಿ ಕ್ಷೀಣಿಸುತ್ತಿದ್ದ ಮಾತಿಗೆ ತರಗತಿಯಲ್ಲಿ ಜಾಗ ಕೊಟ್ಟದ್ದು ಬೇರೆಬೇರೆ ಸಂಗತಿಗಳು, ಮಾಡಿದವರೂ ಬೇರೆ. ಎರಡರಲ್ಲೂ ಬಳಸುವವರನ್ನು ಮೊದಲು ಹುಡುಕಿಕೊಳ್ಳಬೇಕಾಯಿತು ಎಂಬುದು ಸಮಾನ.

ಕಾಯುವ ಕೆಲಸ

ಹಾದಿ ಬಳಕೆಗೆ ಬಂದಂತೆ ಅದರ ಸುತ್ತಲಿನ ಬದುಕೂ ಅಲ್ಪಸ್ವಲ್ಪ ಚೇತರಿಸಿಕೊಂಡಿದೆ. ಜಲದ್ವಾರ ಕಾಯುವವರ ಮನೆಗಳಲ್ಲಿ ಕೆಲವು ಚಹಾದಂಗಡಿಗಳಾಗಿವೆ, ಕೆಲವು ತಂಗುಮನೆಗಳಾಗಿವೆ. ಸೈಕಲ್ ಮಾರ್ಗದಿಂದ ಐದು ಕಿಲೋಮೀಟರಿನೊಳಗಿದ್ದು, ಸೈಕಲ್ಲಿಗೆ ಬೀಗದ ಕೊಠಡಿ, ದುರಸ್ತಿಯ ಸಲಕರಣೆ ಇಟ್ಟ ತಂಗುದಾಣಗಳಿಗೆ ‘ಅಕ್ಕೇಯ್ ವೆಲೋ’ ಎಂಬ ರಾಷ್ಟ್ರೀಯ ಮುದ್ರೆ ದೊರೆಯುತ್ತದೆ. ಸೈಕಲ್ ಸವಾರ ಕಾರಿನವನಂತೆ ಭರ್ರನೆ ದಾಟಿಹೋಗುವವನಲ್ಲ. ಅವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಕತ್ತಲಾದರೆ ಹತ್ತಿರದ ಹಳ್ಳಿಯಲ್ಲೇ ಉಳಿಯಬೇಕಾಗುತ್ತದೆ. ಮುಚ್ಚುವ ಸ್ಥಿತಿಗೆ ಬಂದ ರೊಟ್ಟಿಯಂಗಡಿಗೆ ಇಂತಹ ನಾಲ್ಕು ಗಿರಾಕಿಗಳೂ ಆಧಾರವೇ.

ಈ ಆದಾಯ ಬೇಸಿಗೆಯ ಮಾತು. ಹಾದಿಯ ಅಳಿವು ಉಳಿವು ನಿರ್ಧಾರವಾಗುವುದು ಪ್ರವಾಸಿಗರಿಲ್ಲದ ತಿಂಗಳುಗಳಲ್ಲಿ. ಅಕ್ಟೋಬರಿನಲ್ಲಿ ಓಕ್ ಮರಗಳ ಎಲೆ ಉದುರಿ ಜಲ್ಲಿಯ ಮೇಲೆ ಕೊಳೆಯುತ್ತದೆ. ಗುಡಿಸದಿದ್ದರೆ ಆ ಕೊಳೆತವೇ ಮಣ್ಣಾಗಿ, ಮಣ್ಣಿನಲ್ಲಿ ಹುಲ್ಲು ಮೂಡಿ, ಹುಲ್ಲಿನ ಹಿಂದೆ ಮುಳ್ಳುಪೊದೆ ಅಂಚಿನಿಂದ ನಡುವಿಗೆ ಕೈಚಾಚುತ್ತದೆ. ಬಿರುಗಾಳಿಗೆ ಉರುಳಿದ ಮರಗಳನ್ನು ಕತ್ತರಿಸಬೇಕು, ಮೋರಿಗಳನ್ನು ತೆರವು ಮಾಡಬೇಕು, ಬೇಲಿಯನ್ನು ಹಕ್ಕಿಗಳು ಗೂಡು ಕಟ್ಟುವ ಮುನ್ನವೇ ಸವರಬೇಕು, ಬಿದ್ದ ಗುಂಡಿಗೆ ಜಲ್ಲಿಪುಡಿ ತುಂಬಿ ರೋಲರು ಓಡಿಸಬೇಕು. ಇವು ಪ್ರಾಂತ್ಯ, ಜಿಲ್ಲೆ, ಗ್ರಾಮಗಳ ಮುಂಗಡಪತ್ರದಲ್ಲಿ ಪ್ರತಿ ವರ್ಷ ಮತ್ತೆ ಕೇಳಿ ಪಡೆಯಬೇಕಾದ ಹಣದ ಕೆಲಸಗಳು. ಕೇಳುವಾಗ ಮೊದಲು ಎದುರಾಗುವ ಪ್ರಶ್ನೆ, ಈ ದಾರಿಯಲ್ಲಿ ಎಷ್ಟು ಮಂದಿ ಓಡಾಡುತ್ತಾರೆ ಎಂಬುದೇ. ಅದಕ್ಕಾಗಿಯೇ ಅನೇಕ ಹಸಿರು ಹಾದಿಗಳಲ್ಲಿ ಎಣಿಸುವ ಯಂತ್ರಗಳನ್ನು ಅಳವಡಿಸಿದ್ದಾರೆ. ಮಳೆಯ ದಿನ ಊರಿನ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ದಾಟಿದರೂ ಅಲ್ಲಿ ಒಂದು ಅಂಕಿ ಏರುತ್ತದೆ.